ರೆಕ್ಕೆ ಒಂದು ಕಡೆ ಇಳಿದಿದೆಯಾ? ಸಣ್ಣ ವಿಮಾನದ ಗೇರ್ ಲೆಗ್ ದೋಷ ಹುಡುಕುವುದು, ಬದಲಿಸುವುದು, ಮತ್ತೆ ಬಣ್ಣ ಹಚ್ಚುವುದು

ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು. ಶ್ರೀನಿವಾಸ ಸರಡಗಿ ಹತ್ತಿರದ ಆ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಪೈಲಟ್ ತರಬೇತಿಯ ಸಣ್ಣ ವಿಮಾನಗಳು ಅಲ್ಲಿ ಹಾರುತ್ತವೆ. ಕಲಿಯುವ ಮಕ್ಕಳು ಏರುವುದು, ಒಂದು ಸುತ್ತು ಹಾಕುವುದು, ಇಳಿಯುವುದು, ನಿಲ್ಲದೆ ಮತ್ತೆ ಏರುವುದು ಇದನ್ನೇ ಅಭ್ಯಾಸ ಮಾಡುತ್ತಾರೆ. ಒಂದು ಗಂಟೆಯ ಪಾಠದಲ್ಲಿ ಏಳೆಂಟು ಸಲ ಚಕ್ರ ನೆಲಕ್ಕೆ ಬಡಿಯುವುದು ಸಾಮಾನ್ಯ. ಎಂಜಿನ್‌ಗೆ ಗಂಟೆಯ ಲೆಕ್ಕ, ಚಕ್ರವನ್ನು ಹಿಡಿದಿರುವ ಕಾಲಿಗೆ, ಅಂದರೆ ಗೇರ್ ಲೆಗ್‌ಗೆ, ಇಳಿದ ಲೆಕ್ಕ. ತರಬೇತಿ ವಿಮಾನದ ಕಾಲು ಬೇರೆ ವಿಮಾನಗಳಿಗಿಂತ ಬೇಗ ತೊಂದರೆ ಹೇಳುವುದು ಇದಕ್ಕೇ.

ಇಲ್ಲಿ ಬರೆದಿರುವುದು ಹೊಸದಾಗಿ ಹ್ಯಾಂಗರ್‌ಗೆ ಬಂದಿರುವ ಟೆಕ್ನಿಷಿಯನ್‌ಗಳಿಗೆ ಮತ್ತು ವಿಮಾನ ನಿರ್ವಹಣೆಯ ಕೋರ್ಸ್ ಓದುತ್ತಿರುವವರಿಗೆ. ಉದಾಹರಣೆಗೆ ಸೆಸ್ನಾ 172 ಹಿಡಿದುಕೊಂಡಿದ್ದೇನೆ. ಅದರ ಮುಖ್ಯ ಕಾಲುಗಳೆರಡೂ ಸ್ಪ್ರಿಂಗ್ ಉಕ್ಕಿನವು. ಪೈಪರ್ ಚೆರೋಕಿಯ ಕಾಲಿನಲ್ಲಿ ಎಣ್ಣೆ ಮತ್ತು ಗಾಳಿ ತುಂಬಿದ ಕೊಳವೆ ಇರುತ್ತದೆ, ಅದರ ದಾರಿಯೇ ಬೇರೆ. ಬೀದರ್‌ನ ವಾಯುಪಡೆ ನೆಲೆಯಿಂದ ಹಾರುವ ಹಾಕ್ ವಿಮಾನಗಳ ಮಡಚುವ ಕಾಲೂ ಬೇರೆ. ಇಲ್ಲಿ ಹೇಳುವುದು ಅವಕ್ಕೆ ಹೊಂದುವುದಿಲ್ಲ. ಇನ್ನೊಂದು ಮಾತು: ಅಳತೆಯ ಮಿತಿ, ಟಾರ್ಕ್ (ಬೋಲ್ಟ್ ಬಿಗಿಯುವ ಬಲ) ಎಷ್ಟು, ಯಾವ ಬೋಲ್ಟ್ ಎಂಬುದೆಲ್ಲ ನಿಮ್ಮ ವಿಮಾನದ ಸೀರಿಯಲ್ ನಂಬರ್‌ಗೆ ಹೊಂದುವ ಮ್ಯಾನುವಲ್‌ನಲ್ಲಿ ಇರುತ್ತದೆ. ಕೆಲಸ ಮುಗಿದ ಮೇಲೆ ಸಹಿ ಹಾಕುವುದು ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ಲೈಸೆನ್ಸ್ ಇರುವ ಎಂಜಿನಿಯರ್. ಈ ಎರಡನ್ನೂ ಬಿಟ್ಟು ಸುಮ್ನೆ ಸ್ಪ್ಯಾನರ್ ಹಿಡಿಯಬೇಡಿ.

ಕಾಲಿನ ಶಕ್ತಿ ಮೇಲ್ಮೈಯಲ್ಲಿದೆ

ಸ್ಪ್ರಿಂಗ್ ಉಕ್ಕಿನ ಕಾಲು ಸ್ಟೀವ್ ವಿಟ್‌ಮನ್ ಎಂಬ ಅಮೆರಿಕದ ರೇಸ್ ಪೈಲಟ್ ಕಂಡುಹಿಡಿದದ್ದು. 1940ರ ದಶಕದಲ್ಲಿ ಸೆಸ್ನಾ ಅದನ್ನು ತನ್ನ ವಿಮಾನಗಳಿಗೆ ತಂದಿತು. ಮೊದಲು ಚಪ್ಪಟೆ ಪಟ್ಟಿಯ ಕಾಲು ಇತ್ತು. 172ರಲ್ಲಿ 1971ರ ಮಾದರಿಯಿಂದ ದುಂಡನೆಯ, ತುದಿಗೆ ಹೋಗುತ್ತಾ ಸಣ್ಣದಾಗುವ ಕೊಳವೆ ಕಾಲು ಬಂತು. ಚಕ್ರಗಳ ನಡುವಿನ ಅಂತರವೂ ಆಗ ಒಂದು ಅಡಿ ಜಾಸ್ತಿಯಾಯಿತು. ಎಣ್ಣೆ ಇಲ್ಲ, ಸೀಲ್ ಇಲ್ಲ, ಗಾಳಿ ತುಂಬುವ ಗೋಜಿಲ್ಲ. ಇಳಿದಾಗ ಹೊರಕ್ಕೆ ಬಾಗುತ್ತದೆ, ಮತ್ತೆ ಒಳಕ್ಕೆ ಬರುತ್ತದೆ. ಅಷ್ಟೇ ಅದರ ಕೆಲಸ.

ಬಾಗುವಾಗ ಏನಾಗುತ್ತದೆ ನೋಡಿ. ಕಾಲಿನ ಒಳತುದಿಯನ್ನು ವಿಮಾನದ ಹೊಟ್ಟೆ ಹಿಡಿದಿದೆ. ಹೊರತುದಿಯನ್ನು ನೆಲ ಮೇಲಕ್ಕೆ ಒತ್ತುತ್ತದೆ. ಆಗ ಕಾಲಿನ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಬಿರುಕು ಹುಟ್ಟುವುದು ಎಳೆತ ಇರುವ ಕಡೆ, ಅಂದರೆ ಕೆಳಭಾಗದಲ್ಲಿ. ಅದಕ್ಕೇ ಕಾರ್ಖಾನೆಯಲ್ಲಿ ಆ ಕೆಳಮೈಗೆ ಸಣ್ಣ ಸಣ್ಣ ಉಕ್ಕಿನ ಗುಂಡುಗಳನ್ನು ಜೋರಾಗಿ ಎರಚಿ ಬಡಿಯುತ್ತಾರೆ. ಇದಕ್ಕೆ ಶಾಟ್ ಪೀನಿಂಗ್ ಅನ್ನುತ್ತಾರೆ. ಗುಂಡು ಬಡಿದ ಮೈ ಮೊದಲೇ ಅದುಮಿಕೊಂಡಿರುತ್ತದೆ. ಇಳಿಯುವಾಗಿನ ಎಳೆತ ಆ ಅದುಮನ್ನು ದಾಟಿದ ಮೇಲೆಯೇ ಬಿರುಕಿಗೆ ಅವಕಾಶ.

ಆ ಪದರದ ದಪ್ಪ ಎಷ್ಟು ಗೊತ್ತಾ? 0.010ರಿಂದ 0.020 ಇಂಚು. ಅಂದರೆ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್. ಅದರ ಮೇಲೆ ಇರುವುದು ಬಣ್ಣ ಒಂದೇ. ಬಣ್ಣ ಕಿತ್ತರೆ ತುಕ್ಕು ಬರುತ್ತದೆ, ತುಕ್ಕು ಗುಳಿ ತೋಡುತ್ತದೆ, ಗುಳಿ ಆ ತೆಳು ಪದರ ದಾಟಿತೆಂದರೆ ಅಲ್ಲಿಂದ ಬಿರುಕು ಶುರು. ಹಾಗಾಗಿ ಗೇರ್ ಲೆಗ್‌ನ ಬಣ್ಣ ಅಂದಕ್ಕೆ ಹಚ್ಚಿದ್ದಲ್ಲ. ದೋಷ ಹುಡುಕುವವರು ಮೊದಲು ನೋಡಬೇಕಾದದ್ದೂ ಬಣ್ಣವನ್ನೇ.

ಲಕ್ಷಣ: ಒಂದು ರೆಕ್ಕೆ ಕೆಳಗಿದೆ

"ಸರ್, ಬಲಗಡಿ ರೆಕ್ಕಿ ಇಳದದ ನೋಡ್ರಿ, ಕಾಲ್ ಬಾಗೇದ ಅನಸ್ತದ." ಬೆಳಗ್ಗೆ ವಿಮಾನ ಹೊರಗೆ ತಳ್ಳುವಾಗ ಈ ಮಾತು ಎಲ್ಲ ಹ್ಯಾಂಗರ್‌ನಲ್ಲೂ ಕೇಳುತ್ತದೆ. ಬಹಳ ಸಲ ಕಾಲು ಬಾಗಿರುವುದಿಲ್ಲ. ಕಾಲಿನ ಮೇಲೆ ಅನುಮಾನ ಪಡುವ ಮೊದಲು ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಬೇಕು.

ಮೊದಲು ಇಂಧನ. 172ರ ಎರಡೂ ರೆಕ್ಕೆಯಲ್ಲಿ ಟ್ಯಾಂಕ್ ಇದೆ. 172ಎಸ್ ಮಾದರಿಯಲ್ಲಿ ಒಂದೊಂದಕ್ಕೆ ಸುಮಾರು 106 ಲೀಟರ್ ಹಿಡಿಯುತ್ತದೆ. ಏವಿಯೇಷನ್ ಪೆಟ್ರೋಲ್ ಲೀಟರಿಗೆ ಹೆಚ್ಚುಕಮ್ಮಿ 0.72 ಕಿಲೋ ತೂಗುತ್ತದೆ. ಎರಡು ಟ್ಯಾಂಕ್‌ಗಳ ನಡುವೆ 40 ಲೀಟರ್ ವ್ಯತ್ಯಾಸ ಇದ್ದರೆ ಒಂದು ಕಡೆ 29 ಕಿಲೋ ಹೆಚ್ಚು. ಅದೂ ರೆಕ್ಕೆಯ ಮೇಲೆ, ನಡುವಿನಿಂದ ದೂರದಲ್ಲಿ. ಸ್ಪ್ರಿಂಗ್ ಕಾಲು ಬಾಗಲು ಇದು ಧಾರಾಳ ಸಾಕು. ಯಾವ ಟ್ಯಾಂಕ್‌ನಿಂದ ಇಂಧನ ಬರಬೇಕೆಂದು ಆರಿಸುವ ಸೆಲೆಕ್ಟರ್ ಅನ್ನು ಎರಡೂ ಟ್ಯಾಂಕ್‌ಗೆ ತೆರೆದಿಟ್ಟು ಸ್ವಲ್ಪ ಇಳಿಜಾರಿನಲ್ಲಿ ರಾತ್ರಿ ನಿಲ್ಲಿಸಿದರೆ ಮೇಲಿನ ಟ್ಯಾಂಕ್‌ನ ಪೆಟ್ರೋಲ್ ಕೆಳಗಿನದಕ್ಕೆ ಹರಿದು ಬರುತ್ತದೆ. ಗೇಜ್ ನಂಬಬೇಡಿ. ಕಡ್ಡಿ ಇಳಿಸಿ ಎರಡೂ ಕಡೆ ಅಳೆಯಿರಿ.

ಆಮೇಲೆ ಟೈರ್. ಎರಡೂ ಟೈರಿನ ಗಾಳಿಯನ್ನು ತಂಪು ಹೊತ್ತಿನಲ್ಲಿ, ಒಂದೇ ಗೇಜ್‌ನಿಂದ ನೋಡಿ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಬಿಸಿಲಿಗೆ ತಿರುಗಿದ ಟೈರ್ ಒಂದು, ನೆರಳಿನಲ್ಲಿದ್ದದ್ದು ಇನ್ನೊಂದು ಆದರೆ ಎರಡರ ಓದು ಬೇರೆ ಬರುತ್ತದೆ. ಮಧ್ಯಾಹ್ನ ಅಳೆದು ಗಾಳಿ ಬಿಟ್ಟರೆ ಬೆಳಗ್ಗೆ ಹೊತ್ತಿಗೆ ಕಮ್ಮಿಯಾಗಿರುತ್ತದೆ.

ಮೂರನೆಯದು ನೆಲ. ವಿಮಾನ ನಿಲ್ಲಿಸುವ ಅಂಗಳ, ಅಂದರೆ ಏಪ್ರನ್, ನೀರು ಹರಿದುಹೋಗಲೆಂದು ಒಂದು ಕಡೆ ಇಳಿಜಾರಾಗಿಯೇ ಇರುತ್ತದೆ. ಹ್ಯಾಂಗರ್ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೂ, ಸಿಮೆಂಟ್ ಬಳಿದಿದ್ದರೂ ಅದು ಸಮ ಇದೆ ಎಂದು ಕಣ್ಣಲ್ಲೇ ತೀರ್ಮಾನಿಸಬೇಡಿ. ನೀರಿನ ಟ್ಯೂಬ್ ಲೆವೆಲ್ ಹಿಡಿದು ಎರಡು ಚಕ್ರ ನಿಲ್ಲುವ ಜಾಗದ ಎತ್ತರ ನೋಡಿ. ಗಾರೆ ಕೆಲಸದವರ ಹತ್ತಿರ ಇರುವ ಅದೇ ಪೈಪ್ ಸಾಕು. ಆಮೇಲೆ ವಿಮಾನವನ್ನು ತಿರುಗಿಸಿ, ಎಡಚಕ್ರ ಇದ್ದಲ್ಲಿ ಬಲಚಕ್ರ ಬರುವಂತೆ ನಿಲ್ಲಿಸಿ. ಇಳಿದ ರೆಕ್ಕೆ ಬದಲಾದರೆ ದೋಷ ನೆಲದ್ದು. ಅದೇ ರೆಕ್ಕೆ ಇಳಿದೇ ಇದ್ದರೆ ದೋಷ ವಿಮಾನದ್ದು.

ನಾಲ್ಕನೆಯದನ್ನು ಎಷ್ಟೋ ಜನ ಮರೆಯುತ್ತಾರೆ. ವಿಮಾನವನ್ನು ಜ್ಯಾಕ್‌ನಿಂದ ಈಗಷ್ಟೇ ಇಳಿಸಿದ್ದರೆ ಕಾಲು ಒಳಕ್ಕೆ ಸೇರಿಕೊಂಡೇ ನಿಂತಿರುತ್ತದೆ. ಟೈರ್ ನೆಲವನ್ನು ಕಚ್ಚಿ ಹಿಡಿದಿರುವುದರಿಂದ ಹೊರಕ್ಕೆ ಜಾರುವುದಿಲ್ಲ. ಪಕ್ಕಕ್ಕೆ ಎಳೆದು ನಿಲ್ಲಿಸಿದ ವಿಮಾನದಲ್ಲೂ ಇದೇ ಆಗುತ್ತದೆ. ಕೆಲವು ಮೀಟರ್ ನೇರವಾಗಿ ಮುಂದಕ್ಕೆ ತಳ್ಳಿ, ರೆಕ್ಕೆಗೆ ಆಸರೆ ಕೊಟ್ಟ ಓರೆ ಕಂಬ (ಸ್ಟ್ರಟ್) ಹಿಡಿದು ಮೆಲ್ಲಗೆ ತೂಗಿ, ಆಮೇಲೆ ಅಳೆಯಿರಿ.

ಇಷ್ಟೆಲ್ಲ ಆದ ಮೇಲೂ ವ್ಯತ್ಯಾಸ ಉಳಿದರೆ ಎರಡೂ ರೆಕ್ಕೆಯಲ್ಲಿ ಒಂದೇ ಜಾಗದಲ್ಲಿರುವ ರಿವೆಟ್‌ನಿಂದ ನೆಲಕ್ಕೆ ತೂಗುಗುಂಡು ಇಳಿಬಿಟ್ಟು ಅಳತೆ ಬರೆದಿಡಿ. ಈಗ ಕಾಲಿನ ಮೇಲೆ, ಅದು ಹಾದುಹೋಗುವ ಬಳೆಯಂಥ ಬುಷ್ ಮೇಲೆ ಮತ್ತು ಅದನ್ನು ವಿಮಾನಕ್ಕೆ ಹಿಡಿದಿಡುವ ಒಳಗಿನ ಫಿಟಿಂಗ್ ಮೇಲೆ ಅನುಮಾನ ಪಡಲು ಕಾರಣ ಇದೆ. ಲಾಗ್‌ಬುಕ್‌ನಲ್ಲಿ ಇತ್ತೀಚೆಗೆ ಗಟ್ಟಿಯಾಗಿ ಬಡಿದು ಇಳಿದ ದಾಖಲೆ ಇದೆಯಾ ನೋಡಿ. ದಾಖಲೆ ಇಲ್ಲದಿದ್ದರೆ ಹಾರಿಸಿದವರನ್ನು ನೇರವಾಗಿ ಕೇಳಿ, ಆದರೆ ಬೈಯುವ ದನಿಯಲ್ಲಿ ಕೇಳಬೇಡಿ. ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಗಟ್ಟಿ ಇಳಿತದ ವಿಷಯವನ್ನು ಹೆದರಿಕೆ ಇಲ್ಲದೆ ಬಂದು ಹೇಳುವ ವಿದ್ಯಾರ್ಥಿ ಹ್ಯಾಂಗರ್‌ಗೆ ಮಾಡುವ ಉಪಕಾರ ದೊಡ್ಡದು.

ಲಕ್ಷಣ: ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತಿದೆ

ಎರಡೂ ಟೈರ್ ಹೊರ ಅಂಚಿನಲ್ಲಿ ಒಂದೇ ಸಮ ಸವೆದಿದ್ದರೆ ಹೆದರಬೇಡಿ. ವಿದ್ಯಾರ್ಥಿ ಒಬ್ಬರೇ ಹಾರುವಾಗ ವಿಮಾನ ಹಗುರ. ಹಗುರ ಇದ್ದಾಗ ಕಾಲು ಒಳಕ್ಕೆ ಸೇರಿರುತ್ತದೆ, ಚಕ್ರದ ಹೊರ ಅಂಚೇ ನೆಲಕ್ಕೆ ತಾಗುತ್ತದೆ. ಟೈರನ್ನು ರಿಮ್‌ನಲ್ಲಿ ತಿರುಗಿಸಿ ಹಾಕಿದರೆ ಉಳಿದ ಅಂಚೂ ಉಪಯೋಗಕ್ಕೆ ಬರುತ್ತದೆ.

ಒಂದೇ ಟೈರ್ ಸವೆದಿದ್ದರೆ ವಿಷಯ ಬೇರೆ. ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ ಸವರಿ, ಆಮೇಲೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗರ ಅಂತ ಅಂಚು ತಾಗಿದರೆ ಚಕ್ರ ನೇರವಾಗಿ ಓಡುತ್ತಿಲ್ಲ, ಓರೆಯಾಗಿ ಉಜ್ಜುತ್ತಿದೆ. ಇದಕ್ಕೆ ಕಾರಣ ಆಕ್ಸಲ್ ಮತ್ತು ಕಾಲಿನ ನಡುವಿನ ತೆಳು ತಗಡು (ಶಿಮ್) ತಪ್ಪಾಗಿರುವುದು, ಆಕ್ಸಲ್ ಬಾಗಿರುವುದು, ಇಲ್ಲವೇ ಕಾಲೇ ತಿರುಚಿಕೊಂಡಿರುವುದು. ಈ ಕ್ರಮದಲ್ಲೇ ನೋಡಿ. ವಿಮಾನ ಒಂದು ಕಡೆ ಎಳೆಯುತ್ತಿದ್ದರೆ ಮೊದಲು ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ: ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ತಿಳಿಯುತ್ತದೆ.

ಇಳಿದ ಮೇಲೆ ಮುಂದಿನ ಚಕ್ರ ಗಡಗಡ ನಡುಗುವುದು ಮುಖ್ಯ ಕಾಲಿನ ದೋಷವಲ್ಲ. ಅದು ಮುಂದಿನ ಕಾಲಿನ (ನೋಸ್ ಗೇರ್) ನಡುಕ ತಡೆಯುವ ಶಿಮ್ಮಿ ಡ್ಯಾಂಪರ್, ಚಕ್ರ ತಿರುಚದಂತೆ ಹಿಡಿಯುವ ಟಾರ್ಕ್ ಲಿಂಕ್, ಇಲ್ಲವೇ ಟೈರ್ ಬ್ಯಾಲೆನ್ಸ್‌ಗೆ ಸೇರಿದ್ದು. ಮುಂದಿನ ಚಕ್ರವೇ ಮೊದಲು ಬಡಿದಿದೆ ಎಂಬ ಅನುಮಾನ ಇದ್ದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ (ಫೈರ್‌ವಾಲ್) ತಗಡು ಸುಕ್ಕಾಗಿದೆಯಾ ಅಂತ ಕಡ್ಡಾಯವಾಗಿ ನೋಡಿ.

ಲಕ್ಷಣ: ಕಾಲಿನ ಮೇಲೆ ಕಲೆ, ಗೆರೆ, ಗುಳ್ಳೆ

ಇಲ್ಲಿ ನಿಧಾನ ಮಾಡಿ. ಗೇರ್ ಲೆಗ್‌ನ ನಿಜವಾದ ದೋಷಗಳು ಸಿಗುವುದು ಹೆಚ್ಚಾಗಿ ಈ ಹಂತದಲ್ಲೇ. ಕಾಲಿನ ಮೇಲಿನ ಹೊದಿಕೆ, ಅಂದರೆ ಫೇರಿಂಗ್, ಬಿಚ್ಚದೆ ಇದನ್ನು ನೋಡಲು ಆಗುವುದಿಲ್ಲ. ಒಂದು ಬಿಳಿ ಬಟ್ಟೆ, ಒಳ್ಳೆಯ ಟಾರ್ಚ್, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ, ಒಂದು ಕೈಗನ್ನಡಿ ಇಟ್ಟುಕೊಳ್ಳಿ. ನೆಲದ ಮೇಲೆ ಹಳೆಯ ರಟ್ಟು ಹಾಸಿ ಬೆನ್ನ ಮೇಲೆ ಮಲಗಿ. ಕಾಲಿನ ಕೆಳಮೈ ನಿಂತವರ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಬಿಳಿ ಬಟ್ಟೆಯಿಂದ ಕಲೆಯನ್ನು ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಕೆಂಪಗೆ, ತೆಳ್ಳಗೆ, ಎಣ್ಣೆಯಂತೆ ಹರಡಿದರೆ ಅದು ಬ್ರೇಕ್ ಎಣ್ಣೆ. ಸಣ್ಣ ವಿಮಾನದ ಬ್ರೇಕ್‌ನಲ್ಲಿ ಬಳಸುವ ಹೈಡ್ರಾಲಿಕ್ ಎಣ್ಣೆ ಕೆಂಪು ಬಣ್ಣದ್ದು. ಬ್ರೇಕ್ ಪೈಪ್ ಕಾಲಿನ ಉದ್ದಕ್ಕೂ ಇಳಿದು ಬರುವುದರಿಂದ ಸೋರಿಕೆ ಎಲ್ಲೋ ಇರುತ್ತದೆ, ಹನಿ ಇನ್ನೆಲ್ಲೋ ಬೀಳುತ್ತದೆ. ಮೇಲಕ್ಕೆ ಹುಡುಕುತ್ತಾ ಹೋಗಿ. ಕಪ್ಪು ಕಂದು ಪುಡಿ ಬಟ್ಟೆಗೆ ಅಂಟಿದರೆ, ಅದೂ ಕಾಲು ಹೊಟ್ಟೆಯೊಳಗೆ ಹೋಗುವ ಬುಷ್ ಬಳಿ ಅಥವಾ ಆಕ್ಸಲ್ ಕೂರುವ ಜಾಗದಲ್ಲಿ ಇದ್ದರೆ, ಎರಡು ಲೋಹ ಒಂದಕ್ಕೊಂದು ಉಜ್ಜುತ್ತಿವೆ. ಬೋಲ್ಟ್ ಸಡಿಲ ಇದೆ, ಇಲ್ಲವೇ ಬುಷ್ ಸವೆದಿದೆ. ರೆಕ್ಕೆಯ ತುದಿ ಹಿಡಿದು ಒಬ್ಬರು ಮೆಲ್ಲಗೆ ತೂಗಲಿ, ಇನ್ನೊಬ್ಬರು ಆ ಜಾಗಕ್ಕೆ ಬೆರಳು ಇಟ್ಟಿರಲಿ. ಕಿವಿಗೆ ಟಕ್ ಅನ್ನುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ.

ಕೆಂಪಗಿನ ಒಣ ಪುಡಿ, ಬಣ್ಣದ ಕೆಳಗಿನಿಂದ ಬರುತ್ತಿರುವುದು ತುಕ್ಕು. ಒಂದು ಉದಾಹರಣೆ ಹೇಳುತ್ತೇನೆ. ಹತ್ತಲು ಕಾಲಿಡುವ ಮೆಟ್ಟಿಲನ್ನು ಗೇರ್ ಲೆಗ್‌ಗೆ ಅಂಟಿನಿಂದ ಕೂರಿಸಿರುತ್ತಾರೆ. ಮಳೆಗಾಲ ಕಳೆದ ಮೇಲೆ ಮೆಟ್ಟಿಲಿನ ಹಿಂದಿನ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಕಂದು ಗೆರೆ ಕಂಡಿತ್ತು. ಬಣ್ಣ ಹೊಳೆಯುತ್ತಿತ್ತು, ಗುಳ್ಳೆ ಇರಲಿಲ್ಲ. ಉಗುರಿನಿಂದ ಒತ್ತಿದರೆ ಬಣ್ಣ ಸ್ವಲ್ಪ ಒಳಕ್ಕೆ ಹೋಯಿತು. ಪ್ಲಾಸ್ಟಿಕ್ ಕೆರೆಕಡ್ಡಿ ತೂರಿಸಿದಾಗ ಅಂಟಿನ ಜೊತೆ ಬಣ್ಣ ಹಾಳೆಯ ಹಾಗೆ ಎದ್ದು ಬಂತು. ಕೆಳಗೆ ಬೆರಳಿನ ಅಗಲದಷ್ಟು ಜಾಗದಲ್ಲಿ ತುಕ್ಕು, ಅದರೊಳಗೆ ಸೂಜಿಮೊನೆ ಊರಿದ ಹಾಗೆ ನಾಲ್ಕೈದು ಗುಳಿಗಳು. ಮೆಟ್ಟಿಲಿನ ಮೇಲೆ ಕಾಲಿಟ್ಟಾಗಲೆಲ್ಲ ಅಂಟು ಚೂರು ಚೂರೇ ಬಿಟ್ಟಿದೆ. ಆ ಸಂದಿಗೆ ನೀರು ಇಳಿದಿದೆ, ಒಣಗಲು ದಾರಿ ಇರಲಿಲ್ಲ. ಮೆಟ್ಟಿಲಿನ ಅಂಚು, ಬ್ರೇಕ್ ಪೈಪ್ ಕಟ್ಟಿದ ಪಟ್ಟಿಯ ಕೆಳಗೆ, ಫೇರಿಂಗ್ ತಾಗುವ ಗೆರೆ, ಆಕ್ಸಲ್ ಬೋಲ್ಟ್‌ನ ತೂತುಗಳು: ಈ ನಾಲ್ಕು ಜಾಗಗಳನ್ನು ಪ್ರತಿ ತಪಾಸಣೆಯಲ್ಲೂ ನೋಡಲೇಬೇಕು.

ನಮ್ಮ ಜಿಲ್ಲೆ ಒಣಪ್ರದೇಶ, ಇಲ್ಲಿ ತುಕ್ಕು ಎಲ್ಲಿಂದ ಬರುತ್ತದೆ ಅಂತ ಕೇಳುವವರಿದ್ದಾರೆ. ಕರಾವಳಿಯಷ್ಟು ಬರುವುದಿಲ್ಲ, ನಿಜ. ಆದರೆ ಬೇಸಿಗೆಯಲ್ಲಿ ಎರೆಮಣ್ಣಿನ ಸಣ್ಣ ಧೂಳು ಫೇರಿಂಗ್‌ನ ಒಳಗೆ ಸೇರಿ ಗ್ರೀಸ್‌ಗೆ ಅಂಟಿ ಕೂರುತ್ತದೆ. ಜೂನ್ ಬಂದ ಮೇಲೆ ಅದೇ ಧೂಳು ನೀರು ಹಿಡಿದಿಟ್ಟುಕೊಳ್ಳುತ್ತದೆ. ಹೊಲದಲ್ಲಿ ತೊಗರಿಗೆ ಒಳ್ಳೆಯದಾಗುವ ಗುಣ ಇಲ್ಲಿ ಉಕ್ಕಿಗೆ ಕೆಡುಕು. ಮಳೆ ಶುರುವಾಗುವ ಮೊದಲು ಒಂದು ಸಲ ಫೇರಿಂಗ್ ಬಿಚ್ಚಿ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಪ್ರೆಷರ್ ನೀರು ಬಿಟ್ಟು ತೊಳೆಯಬೇಡಿ, ಅದು ಧೂಳನ್ನು ಇನ್ನೂ ಒಳಕ್ಕೆ ದೂಡುತ್ತದೆ.

ಉಳಿಸಿಕೊಳ್ಳುವುದೋ, ಬದಲಿಸುವುದೋ?

ಬಿರುಕು ಇದ್ದರೆ ಬದಲಿಸಬೇಕು. ಅಲ್ಲಿ ಚರ್ಚೆಯೇ ಇಲ್ಲ. ಬಾಗಿದ ಕಾಲನ್ನು ಕಾಯಿಸಿ ನೇರ ಮಾಡುವಂತಿಲ್ಲ, ಬಿರುಕಿಗೆ ವೆಲ್ಡಿಂಗ್ ಹಾಕುವಂತಿಲ್ಲ. ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಒಳ್ಳೆಯ ಕೈಗುಣದ ವೆಲ್ಡರ್‌ಗಳಿದ್ದಾರೆ, ಟ್ರ್ಯಾಕ್ಟರ್ ಆಕ್ಸಲ್ ತುಂಡಾದರೂ ಜೋಡಿಸಿ ಕೊಡುತ್ತಾರೆ. ಅವರ ಕೆಲಸದಲ್ಲಿ ದೋಷವಿಲ್ಲ. ಆದರೆ ಈ ಉಕ್ಕನ್ನು ಒಂದು ಹದಕ್ಕೆ ಕಾಯಿಸಿ ತಣಿಸಿ ಗಡಸು ಮಾಡಿರುತ್ತಾರೆ. ಮತ್ತೆ ಬೆಂಕಿ ತಾಗಿದರೆ ಆ ಹದವೂ ಹೋಗುತ್ತದೆ, ಶಾಟ್ ಪೀನಿಂಗ್ ಪದರವೂ ಹೋಗುತ್ತದೆ.

ಗುಳಿ ಮಾತ್ರ ಇದ್ದರೆ ಅದರ ಆಳ ಅಳೆಯಬೇಕು. ಉಜ್ಜಿ ತೆಗೆದ ಮೇಲೆ ಉಳಿಯುವ ವ್ಯಾಸ ಎಷ್ಟಿರಬೇಕು, ಎಷ್ಟು ಆಳದವರೆಗೆ ಉಜ್ಜಬಹುದು, ಯಾವ ಆಳ ದಾಟಿದರೆ ಮತ್ತೆ ಶಾಟ್ ಪೀನಿಂಗ್ ಬೇಕು ಎಂಬುದಕ್ಕೆ ಮ್ಯಾನುವಲ್‌ನ ಮಿತಿಯೇ ಕೊನೆಯ ಮಾತು. ನನ್ನ ಅಭಿಪ್ರಾಯ ಕೇಳಿದರೆ: ಗುಳಿ ಕೆಳಮೈಯಲ್ಲಿ ಅಥವಾ ಆಕ್ಸಲ್ ಬೋಲ್ಟ್ ತೂತಿನ ಪಕ್ಕದಲ್ಲಿ ಇದ್ದು, ಅಳತೆ ಮಿತಿಯ ಅಂಚಿಗೆ ಬಂದಿದ್ದರೆ ಕಾಲನ್ನು ಬದಲಿಸುವುದೇ ಸರಿ. ಕಾಲಿನ ಬೆಲೆ ದೊಡ್ಡದು, ಬರಲು ಸಮಯವೂ ಹಿಡಿಯುತ್ತದೆ. ಆದರೂ ಆ ಕಾಲಿನ ಮೇಲೆ ಇಳಿಯುವವರು ಇನ್ನೂ ಕಲಿಯುತ್ತಿರುವ ಮಕ್ಕಳು ಅಲ್ವಾ?

ಕಾಲು ಬಿಚ್ಚುವುದು

ವಿಮಾನವನ್ನು ಹ್ಯಾಂಗರ್‌ನ ಒಳಗೆ ತನ್ನಿ, ಗಾಳಿಯಲ್ಲಿ ಜ್ಯಾಕ್ ಹಾಕಬೇಡಿ. ಮ್ಯಾನುವಲ್ ತೋರಿಸಿದ ಜಾಗದಲ್ಲೇ ಎತ್ತಿ. ಬ್ರೇಕ್‌ನ ಎರಕದ ಭಾಗಕ್ಕೆ ಜ್ಯಾಕ್ ಕೊಡಲೇಬಾರದು. ಕಾಲಿಗೇ ಜ್ಯಾಕ್ ಕೊಟ್ಟು ಬರೀ ಚಕ್ರ ಎತ್ತುವಾಗ ಕಾಲು ಒಳಕ್ಕೆ ಸರಿಯುತ್ತದೆ, ಜ್ಯಾಕ್ ಓರೆಯಾಗುತ್ತದೆ. ಇಳಿಸಿ, ನೇರ ಮಾಡಿ, ಮತ್ತೆ ಎತ್ತಬೇಕು. ಈ ರೀತಿಯಲ್ಲಿ ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತಬಾರದು. ಕಾಲನ್ನೇ ಬಿಚ್ಚುವುದಾದರೆ ಭಾರವನ್ನು ವಿಮಾನದ ದೇಹವೇ ಹೊರಬೇಕು.

ಬ್ರೇಕ್ ಎಣ್ಣೆ ಇಳಿಸಿ, ಪೈಪ್ ಬಿಚ್ಚಿ, ಎರಡೂ ಬಾಯಿಗೆ ಮುಚ್ಚಳ ಹಾಕಿ. ಚಕ್ರ, ಬ್ರೇಕ್, ಆಕ್ಸಲ್ ತೆಗೆಯಿರಿ. ಆಕ್ಸಲ್‌ನ ಶಿಮ್‌ಗಳನ್ನು ಯಾವ ಕಡೆ ಹೇಗಿದ್ದವೋ ಹಾಗೇ ದಾರ ಕಟ್ಟಿ, ಚೀಟಿ ಬರೆದು ಇಡಿ. ಆಮೇಲೆ ಒಳಗಿನ ಮುಚ್ಚಳ ತೆಗೆದರೆ ಕಾಲಿನ ಒಳತುದಿಯ ಬೋಲ್ಟ್ ಕಾಣುತ್ತದೆ. ಅದು ಬಂದ ಮೇಲೆ ಕಾಲನ್ನು ಹೊರಕ್ಕೆ ಎಳೆಯಬೇಕು. ಬರದಿದ್ದರೆ ಸುತ್ತಿಗೆ ಹಿಡಿಯಬೇಡಿ. ತುಕ್ಕು ಬಿಡಿಸುವ ತೆಳು ಎಣ್ಣೆ ಬಿಟ್ಟು ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ಮೆಲ್ಲಗೆ ತಿರುಗಿಸುತ್ತಾ ಎಳೆದರೆ ಸಾಮಾನ್ಯವಾಗಿ ಬರುತ್ತದೆ. ಸುತ್ತಿಗೆಯ ಒಂದೇ ಏಟಿನ ಗುರುತೂ ಈ ಮೈಗೆ ಗಾಯವೇ.

ಕಾಲು ಹೊರಗೆ ಬಂದ ಮೇಲೆ ಎಲ್ಲರ ಗಮನ ಅದರ ಮೇಲೇ ಇರುತ್ತದೆ. ಅದನ್ನು ಹಿಡಿದಿದ್ದ ಫಿಟಿಂಗ್‌ಗಳು ವಿಮಾನದೊಳಗೇ ಉಳಿದಿವೆ. ಬೋಲ್ಟ್ ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆಯಾ, ಎರಕದ ಮೂಲೆಗಳಲ್ಲಿ ಕೂದಲಿನಂಥ ಗೆರೆ ಇದೆಯಾ, ಸುತ್ತಲಿನ ರಿವೆಟ್‌ಗಳು ಕಪ್ಪು ಬಿಟ್ಟಿವೆಯಾ ನೋಡಿ. ಗಟ್ಟಿಯಾಗಿ ಇಳಿದಾಗ ಕಾಲು ಬಾಗಿ ಸರಿಹೋಗಿ, ಫಿಟಿಂಗ್ ಬಿರುಕು ಬಿಟ್ಟಿರಬಹುದು. ಹೊಸ ಕಾಲನ್ನು ಬಿರುಕು ಬಿಟ್ಟ ಫಿಟಿಂಗ್‌ಗೆ ಹಾಕಿ ಏನು ಪ್ರಯೋಜನ?

ಹಳೆ ಬಣ್ಣ ತೆಗೆಯುವುದು, ಹೊಸದು ಹಚ್ಚುವುದು

ಈ ಭಾಗದಲ್ಲಿ ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಪೇಂಟ್ ರಿಮೂವರ್ ಬೇಡ, ತುಕ್ಕು ತೆಗೆಯುವ ಆಸಿಡ್ ಬೇಡ. ಹೀಗೆ ಗಡಸು ಮಾಡಿದ ಉಕ್ಕಿಗೆ ಆಸಿಡ್ ತಾಗಿದರೆ ಹೈಡ್ರೋಜನ್ ಅದರೊಳಗೆ ಸೇರಿ ಉಕ್ಕನ್ನು ಪೆಳಸು ಮಾಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಲು ಥಳಥಳ ಹೊಳೆಯುತ್ತದೆ, ಬಣ್ಣ ಚೆನ್ನಾಗಿ ಕೂರುತ್ತದೆ, ಕಾಗದಪತ್ರವೂ ಸರಿ ಇರುತ್ತದೆ. ಎಷ್ಟೋ ದಿನ ಹಾರಾಡಿದ ಮೇಲೆ ಒಂದು ದಿನ ತಟ್ಟನೆ ಮುರಿಯುತ್ತದೆ. ಮುಂಚಿತವಾಗಿ ಪತ್ತೆ ಹಚ್ಚುವ ದಾರಿ ಇಲ್ಲ. ಅಂಗಡಿಯಲ್ಲಿ ಸಿಗುವ ಡಬ್ಬಿಯ ಮೇಲೆ "ಎಲ್ಲ ಲೋಹಕ್ಕೂ ಸುರಕ್ಷಿತ" ಅಂತ ಬರೆದಿದ್ದರೂ ಇದಕ್ಕೆ ಮುಟ್ಟಿಸಬೇಡಿ.

ಪೌಡರ್ ಕೋಟಿಂಗ್ ಮಾಡಿಸೋಣ ಎಂಬ ಸಲಹೆಯೂ ಬರುತ್ತದೆ. ಗೇಟು, ಕಿಟಕಿ ಗ್ರಿಲ್‌ಗೆ ಅದು ಗಟ್ಟಿ, ಚೆಂದ, ನಿಜ. ಆದರೆ ಆ ಘಟಕಗಳಲ್ಲಿ ಬಣ್ಣಕ್ಕೆ ಮೊದಲು ಸಾಮಾನನ್ನು ಆಸಿಡ್ ತೊಟ್ಟಿಯಲ್ಲಿ ಅದ್ದುವುದು ರೂಢಿ, ಆಮೇಲೆ 180–200 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ. ಗೇರ್ ಲೆಗ್ ಅಲ್ಲಿಗೆ ಹೋಗಬಾರದು.

ಹಾಗಾದರೆ ಕೈಕೆಲಸವೇ ಗತಿ. ಪ್ಲಾಸ್ಟಿಕ್ ಕೆರೆಕಡ್ಡಿಯಿಂದ ಎದ್ದ ಬಣ್ಣ ತೆಗೆಯಿರಿ, ಆಮೇಲೆ ನಯವಾದ ಎಮರಿ ಕಾಗದದಿಂದ ಉಜ್ಜಿ. ಉಜ್ಜುವುದು ಯಾವಾಗಲೂ ಕಾಲಿನ ಉದ್ದಕ್ಕೆ. ಅಡ್ಡಡ್ಡ ಉಜ್ಜಿದರೆ ಬೀಳುವ ಸಣ್ಣ ಗೀರುಗಳು ಎಳೆತಕ್ಕೆ ಅಡ್ಡವಾಗಿ ನಿಲ್ಲುತ್ತವೆ, ಬಿರುಕಿಗೆ ಬೇಕಾದ ದಾರಿಯನ್ನು ನಾವೇ ಹಾಕಿಕೊಟ್ಟ ಹಾಗಾಗುತ್ತದೆ. ಗ್ರೈಂಡರ್, ತಂತಿ ಚಕ್ರ ಬೇಡ: ಒಂದೇ ಜಾಗ ಕಾದು ಹೋಗುತ್ತದೆ, ಎಷ್ಟು ತಿಂದಿತು ಎಂಬ ಅಂದಾಜೂ ಸಿಗುವುದಿಲ್ಲ. ಗುಳಿ ಇದ್ದ ಜಾಗವನ್ನು ಹೊಂಡ ಮಾಡದೆ ಸುತ್ತಲೂ ನಿಧಾನವಾಗಿ ಇಳಿಯುವಂತೆ ಬೆರೆಸಿ. ಕೊನೆಗೆ ಹತ್ತು ಪಟ್ಟಿನ ಮಸೂರದಲ್ಲಿ ನೋಡಿದಾಗ ಒಂದೂ ಕಪ್ಪು ಚುಕ್ಕೆ ಉಳಿದಿರಬಾರದು. ಕಪ್ಪು ಚುಕ್ಕೆ ಅಂದರೆ ಗುಳಿಯ ತಳದಲ್ಲಿ ತುಕ್ಕು ಇನ್ನೂ ಇದೆ ಅಂತ.

ಬಣ್ಣಕ್ಕೆ ಮೊದಲು ಬಿರುಕು ಪರೀಕ್ಷೆ. ಉಕ್ಕಿಗೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ (ಕಾಂತ ಮಾಡಿ ಕಬ್ಬಿಣದ ಪುಡಿಯಿಂದ ಬಿರುಕು ಹುಡುಕುವುದು) ಚೆನ್ನಾಗಿ ಹೊಂದುತ್ತದೆ. ಅರ್ಹತೆ ಇರುವವರೇ ಮಾಡಬೇಕು. ಹೈದರಾಬಾದ್‌ನಿಂದಲೋ ಬೆಂಗಳೂರಿನಿಂದಲೋ ಜನ ಬರುವುದಾದರೆ ಅಂದೇ ಎರಡೂ ಕಾಲು ತೋರಿಸಿಬಿಡಿ. ಪರೀಕ್ಷೆ ಮುಗಿದ ಮೇಲೆ ಕಾಂತತ್ವ ತೆಗೆಸುವುದನ್ನು ಮರೆಯಬೇಡಿ. ಕಾಂತವಾಗಿ ಉಳಿದ ಉಕ್ಕು ಕಂಪಾಸ್ ಅನ್ನು ದಾರಿ ತಪ್ಪಿಸಬಹುದು. ಕಂಪಾಸ್ ಕೆಟ್ಟಿದೆ ಅಂತ ಅದನ್ನು ಬಿಚ್ಚಿ ಕೂರುವವರಿಗೆ ಕಾಲಿನ ನೆನಪು ಬರುವುದು ಕಷ್ಟ.

ಬಣ್ಣ ಹಚ್ಚಲು ನಮ್ಮ ಕಡೆ ಹೊತ್ತು ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಹಚ್ಚಿ. ಮಧ್ಯಾಹ್ನ ಗನ್ನಿನಿಂದ ಹೊರಟ ಬಣ್ಣ ಉಕ್ಕಿಗೆ ತಾಗುವ ಮೊದಲೇ ಅರ್ಧ ಒಣಗಿ, ಮರಳಿನ ಹಾಗೆ ಒರಟಾಗಿ ಕೂರುತ್ತದೆ. ಅಂಥ ಪದರದಲ್ಲಿ ತೂತುಗಳಿರುತ್ತವೆ, ನೀರು ಅವುಗಳಲ್ಲೇ ಇಳಿಯುತ್ತದೆ. ಮಳೆಗಾಲದಲ್ಲಿ ತೊಂದರೆ ಇನ್ನೊಂದು ಬಗೆಯದು: ತಣ್ಣಗಿನ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೇವ ಕೂರುತ್ತದೆ. ಉಕ್ಕಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು, ಗಾಳಿಯ ತೇವ ಶೇ 85ಕ್ಕಿಂತ ಕಮ್ಮಿ ಇರಬೇಕು. ಬಣ್ಣ ಹಚ್ಚುವ ಎಲ್ಲ ಕಡೆ ಪಾಲಿಸುವ ಲೆಕ್ಕ ಇದು.

ಸಾಲ್ವೆಂಟ್‌ನಿಂದ ಒರೆಸಿ. ಬಿಳಿ ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ಬಟ್ಟೆ ಬದಲಿಸುತ್ತಾ ಒರೆಸಬೇಕು. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಮೇ ತಿಂಗಳ ಬೆವರಿನ ಉಪ್ಪು ಬಣ್ಣದ ಕೆಳಗೆ ಸಿಕ್ಕಿಕೊಂಡರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಬರೀ ಉಕ್ಕನ್ನು ರಾತ್ರಿ ಹಾಗೇ ಬಿಡದೆ ಅಂದೇ ಎಪಾಕ್ಸಿ ಪ್ರೈಮರ್ ಕೊಡಿ. ಮೇಲೆ ಪಾಲಿಯುರೆಥೇನ್ ಬಣ್ಣ, ತೆಳ್ಳಗೆ ಎರಡು ಕೋಟ್. ದಪ್ಪ ಬಳಿದರೆ ಬಾಗುವ ಕಾಲಿನ ಮೇಲೆ ಅದು ಒಡೆಯುತ್ತದೆ. ಪಾಲಿಯುರೆಥೇನ್‌ನ ಹಾರ್ಡನರ್ ಶ್ವಾಸಕೋಶಕ್ಕೆ ಅಪಾಯ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಹೊರಗಿನ ಗಾಳಿ ಬರುವ ಮಾಸ್ಕ್ ಹಾಕಿಕೊಳ್ಳಿ. ಬುಷ್‌ನಲ್ಲಿ ಕೂರುವ ಭಾಗ, ಆಕ್ಸಲ್ ಕೂರುವ ಮುಖ ಇವಕ್ಕೆ ಮ್ಯಾನುವಲ್ ಹೇಳಿದಷ್ಟೇ ಬಣ್ಣ. ಜಾಸ್ತಿಯಾದರೆ ಬೋಲ್ಟ್ ಬಿಗಿದಾಗ ಬಣ್ಣದ ಮೇಲೆ ಬಿಗಿದಂತಾಗುತ್ತದೆ. ಬಣ್ಣ ನಲುಗಿ ಹೋದ ಮೇಲೆ ಬೋಲ್ಟ್ ಸಡಿಲ.

ಮತ್ತೆ ಕೂರಿಸುವುದು

ಹೊಸ ಕಾಲಾದರೆ ಪಾರ್ಟ್ ನಂಬರ್ ಮತ್ತು ಜೊತೆಗೆ ಬಂದ ಪ್ರಮಾಣಪತ್ರ ಮೊದಲೇ ತಾಳೆ ನೋಡಿ. 172ರಲ್ಲಿ ವರ್ಷದಿಂದ ವರ್ಷಕ್ಕೆ ಬದಲಾವಣೆಗಳಿವೆ, ನೋಡಲು ಒಂದೇ ಥರ ಇದ್ದ ಮಾತ್ರಕ್ಕೆ ಹೊಂದುತ್ತದೆ ಅಂತಲ್ಲ. ಬ್ರೇಕ್ ಎಣ್ಣೆಯನ್ನು ಕೆಳಗೆ ಚಕ್ರದ ಬಳಿ ಇರುವ ಬ್ರೇಕ್ ಕ್ಯಾಲಿಪರ್‌ನಿಂದ ಮೇಲಕ್ಕೆ ಒತ್ತಿ ತುಂಬಿದರೆ ಗಾಳಿಗುಳ್ಳೆ ತಾನಾಗಿ ಮೇಲೆ ಹೋಗುತ್ತದೆ.

ಚಕ್ರದ ಜೋಡಣೆ ನೋಡಲು ಎರಡು ಅಲ್ಯೂಮಿನಿಯಂ ತಗಡುಗಳ ನಡುವೆ ಗ್ರೀಸ್ ಹಚ್ಚಿ ಪ್ರತಿ ಚಕ್ರದ ಕೆಳಗೆ ಇಡಿ. ಈಗ ಚಕ್ರ ತನ್ನ ಜಾಗಕ್ಕೆ ತಾನೇ ಜಾರಿ ಕೂರುತ್ತದೆ. ಎರಡೂ ಚಕ್ರದ ಮುಂದೆ ಉದ್ದದ ನೇರ ಪಟ್ಟಿ ಹಿಡಿದು, ಬಡಗಿಯ ಮೂಲೆಮಟ್ಟದಿಂದ ಚಕ್ರದ ಮುಂದಿನ ಮತ್ತು ಹಿಂದಿನ ಅಂತರ ಅಳೆಯಿರಿ. ತಪ್ಪಿದ್ದರೆ ಶಿಮ್ ಬದಲಿಸಿ ಸರಿಮಾಡಿ. ಹಳೆಯ ಶಿಮ್ ಹಾಕಿದ್ದೇವೆ, ಹಳೆಯ ಅಳತೆಯೇ ಬರುತ್ತದೆ ಅಂತ ಬಿಡಬೇಡಿ. ಹೊಸ ಕಾಲಿಗೆ ಹೊಸ ಲೆಕ್ಕ.

ಮೊದಲ ಹತ್ತಿಪ್ಪತ್ತು ಸಲ ಇಳಿದ ಮೇಲೆ ಫೇರಿಂಗ್ ಬಿಚ್ಚಿ ಬೋಲ್ಟ್‌ಗಳ ಬಿಗಿ, ಬುಷ್‌ನ ಸುತ್ತ ಪುಡಿ, ಬಣ್ಣದ ಅಂಚು ಮತ್ತೆ ನೋಡಿ. ಮೆಟ್ಟಿಲನ್ನು ಮತ್ತೆ ಅಂಟಿಸಿದ್ದರೆ ಅದರ ಸುತ್ತ ಸೀಲೆಂಟ್‌ನ ಗೆರೆ ಎಲ್ಲೂ ತುಂಡಾಗಿರಬಾರದು.

ಒಂದು ಕಾಲು ಬದಲಿಸಿದರೆ ಇನ್ನೊಂದನ್ನೂ ಬದಲಿಸಬೇಕಾ ಅಂತ ಬಹಳ ಜನ ಕೇಳುತ್ತಾರೆ. ಕಡ್ಡಾಯವೇನಿಲ್ಲ. ಆದರೆ ಅದೂ ಅಷ್ಟೇ ಸಲ ಇಳಿದಿದೆ, ಅದೇ ಮಳೆಯಲ್ಲಿ ನಿಂತಿದೆ, ಅದರ ಮೆಟ್ಟಿಲಿಗೂ ಅದೇ ಅಂಟು ಹಾಕಿದ್ದಾರೆ. ವಿಮಾನ ಜ್ಯಾಕ್ ಮೇಲೆ ಇರುವಾಗಲೇ ಅದರ ಫೇರಿಂಗ್ ಬಿಚ್ಚಿ, ಮೆಟ್ಟಿಲಿನ ಅಂಚಿಗೆ ಉಗುರು ಒತ್ತಿ ನೋಡಿ.